ಹೊಕ್ಕ ಬಾಗಿಲಲ್ಲೇ ಕಾಯಬೇಕು

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸು ಹಿಂದಕ್ಕೆ ಸರಿಯುವುದನ್ನು ಕಂಡವರು ಬಹಳ ಮಂದಿ ಇದ್ದಾರೆ. ಕೊಟ್ಟಿಗೆಹಾರದಿಂದ ಇಳಿಯುವ ಲಾರಿ, ಉಜಿರೆಯ ಕಡೆಯಿಂದ ಹತ್ತುವ ಬಸ್ಸು ಇಕ್ಕಟ್ಟಿನ ಜಾಗದಲ್ಲಿ ಎದುರುಬದುರಾದರೆ ಯಾರಾದರೊಬ್ಬರು ಹಿಂದೆ ಹೋಗಲೇಬೇಕು. ಕಂಡಕ್ಟರ್ ಕೆಳಗಿಳಿದು ಬಸ್ಸಿನ ಹಿಂದೆ ನಿಂತು ಸೀಟಿ ಊದುತ್ತ "ಬರ್ಲಿ, ಬರ್ಲಿ" ಎನ್ನುತ್ತಾನೆ. ಡ್ರೈವರ್ ಕನ್ನಡಿ ನೋಡುತ್ತ, ಕತ್ತು ತಿರುಗಿಸುತ್ತ ಇಂಚಿಂಚೇ ಹಿಂದೆ ಬರುತ್ತಾನೆ. ನಾನು ಸಣ್ಣದಿರುವಾಗ ಒಮ್ಮೆ ಹೀಗಾದಾಗ, ಕಿಟಕಿಯಲ್ಲಿ ಮರಗಳು ಉಲ್ಟಾ ಹೋಗುವುದನ್ನು ನೋಡಿ ಅಪ್ಪನನ್ನು ಕೇಳಿದ್ದೆನಂತೆ: "ಈಗ ನಾವು ವಾಪಸ್ ಬೆಳಿಗ್ಗೆಗೆ ಹೋಗ್ತೇವಾ?" ಅಪ್ಪ ನಕ್ಕು, "ಬಸ್ಸು ಹಿಂದೆ ಹೋದರೂ ಡೀಸೆಲ್ ಮುಗಿಯುವುದು ಮುಗೀತದೆ ಮಗಾ" ಎಂದರಂತೆ.

ಈಗ ನನ್ನ ಪಿಎಚ್‌ಡಿ ಕೆಲಸ ಹೆಚ್ಚುಕಡಿಮೆ ಅದೇ ಪ್ರಶ್ನೆಯ ಮೇಲೆ ನಡೆದಿದೆ. ಪ್ರೋಗ್ರಾಮು ತಪ್ಪಿದಾಗ ಎಲ್ಲಿ ತಪ್ಪಿತು ಎಂದು ಹುಡುಕಲು ಬಳಸುವ ಸಾಧನಕ್ಕೆ ಡೀಬಗರ್ ಎನ್ನುತ್ತಾರೆ. ಸಾಮಾನ್ಯ ಡೀಬಗರ್ ಪ್ರೋಗ್ರಾಮನ್ನು ಬೇಕಾದಲ್ಲಿ ನಿಲ್ಲಿಸುತ್ತದೆ, ಒಂದೊಂದೇ ಹೆಜ್ಜೆ ಮುಂದಕ್ಕೆ ನಡೆಸುತ್ತದೆ. ತೊಂದರೆಯೆಂದರೆ ತಪ್ಪು ಕಣ್ಣಿಗೆ ಬೀಳುವ ಜಾಗ ಬೇರೆ, ತಪ್ಪು ನಡೆದ ಜಾಗ ಬೇರೆ. ಎಲ್ಲೋ ಒಂದು ಸಂಖ್ಯೆ ಕೆಡುತ್ತದೆ. ಲಕ್ಷಾಂತರ ಹೆಜ್ಜೆಗಳ ನಂತರ ಇನ್ನೆಲ್ಲೋ ಪ್ರೋಗ್ರಾಮು ಬಿದ್ದುಹೋಗುತ್ತದೆ. ಬಿದ್ದ ಜಾಗದಲ್ಲಿ ನಿಂತವನಿಗೆ ಬೇಕಾಗಿರುವುದು ಹಿಂದಿನ ದಾರಿ. ಅದಕ್ಕಾಗಿ ಹಿಂದಕ್ಕೂ ನಡೆಯಬಲ್ಲ ಡೀಬಗರುಗಳನ್ನು ಕಟ್ಟಿದರು. ಲೋಕದಾದ್ಯಂತ ಬಳಕೆಯಲ್ಲಿರುವ ಜಿಡಿಬಿ ಎಂಬ ಡೀಬಗರಿಗೆ 2009ರ ಅಕ್ಟೋಬರಿನಲ್ಲಿ ಬಂದ 7.0 ಆವೃತ್ತಿಯಲ್ಲಿ ಈ ಶಕ್ತಿ ಸೇರಿತು. ಕೆಲವು ವರ್ಷಗಳ ನಂತರ ಮೊಜಿಲ್ಲಾದಲ್ಲಿ ಆರ್‌ಆರ್ ಎಂಬ ಇನ್ನೊಂದು ಸಾಧನ ಹುಟ್ಟಿತು.

ಎರಡರ ದಾರಿ ಬೇರೆ ಬೇರೆ. ಜಿಡಿಬಿ ಪ್ರತಿಯೊಂದು ಆದೇಶ ನಡೆಯುವ ಮುಂಚೆ, ಅದು ಏನನ್ನು ಬದಲಿಸಲಿದೆಯೋ ಅದರ ಹಳೆಯ ಬೆಲೆಯನ್ನು ಬರೆದಿಟ್ಟುಕೊಳ್ಳುತ್ತದೆ. ಹಿಂದಕ್ಕೆ ಹೋಗು ಎಂದರೆ ಆ ಪಟ್ಟಿಯನ್ನು ಕೊನೆಯಿಂದ ಓದುತ್ತ ಹಳೆಯ ಬೆಲೆಗಳನ್ನು ಅದದರ ಜಾಗಕ್ಕೆ ಮರಳಿಸುತ್ತದೆ. ಆರ್‌ಆರ್ ಹಾಗಲ್ಲ. ಹೊರಗಿನಿಂದ ಬಂದದ್ದನ್ನು, ಮತ್ತೆ ಓಡಿಸಿದರೆ ತಾನಾಗಿ ಹಾಗೆಯೇ ಮರುಕಳಿಸದಂಥದ್ದನ್ನು ಮಾತ್ರ ದಾಖಲಿಸುತ್ತದೆ. ಒಂದು ಹೆಜ್ಜೆ ಹಿಂದೆ ಹೋಗು ಎಂದರೆ, ಇನ್ನೂ ಹಿಂದಿನ ಒಂದು ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಮುಂದಕ್ಕೆ ಓಡಿ, ಒಂದು ಹೆಜ್ಜೆ ಮೊದಲೇ ನಿಲ್ಲುತ್ತದೆ. ನಮಗೆ ಹಿಂದೆ ಹೋದಂತೆ ಕಾಣುತ್ತದೆ; ಯಂತ್ರ ಮಾತ್ರ ಮುಂದಕ್ಕೇ ಓಡಿರುತ್ತದೆ. ಅಪ್ಪನ ಡೀಸೆಲ್ ಮಾತು ನನಗೆ ಪೂರ್ತಿ ಅರ್ಥವಾದದ್ದು ಇದನ್ನು ಓದಿದ ದಿನ.

ಹಿಂದಕ್ಕೆ ನಡೆಯುವ ಡೀಬಗರಿನಲ್ಲಿ ಒಂದು ಅದ್ಭುತ ಪ್ರಶ್ನೆಯನ್ನು ಕೇಳಬಹುದು. ಕೆಟ್ಟ ಸಂಖ್ಯೆಯ ಮೇಲೆ ಕಾವಲು ಇಟ್ಟು, ಇದನ್ನು ಕೊನೆಯದಾಗಿ ಬದಲಿಸಿದ್ದು ಯಾರು ಎಂದು ಕೇಳಿ, ಹಿಂದಕ್ಕೆ ಓಡು ಎಂದರೆ ಸಾಕು. ಅದು ಓಡಿ ಓಡಿ, ಬದಲಿಸಿದ ಆ ಒಂದೇ ಒಂದು ಆದೇಶದ ಮುಂದೆ ನಿಲ್ಲುತ್ತದೆ. ಅಲ್ಲಿ ವಾದವಿಲ್ಲ, ಸಾಕ್ಷಿಯಿಲ್ಲ, ಅನುಮಾನವಿಲ್ಲ. ಮೊದಲ ಸಲ ಇದನ್ನು ಕಂಡಾಗ ನನಗೆ ಮೈ ಜುಮ್ಮೆಂದಿತ್ತು. ಯಾಕೆಂದರೆ ಆ ಪ್ರಶ್ನೆಯನ್ನು ಕೇಳಬೇಕಾದ ದಿನವೊಂದು ನನ್ನ ಬಳಿ ಇತ್ತು.

2019ರ ಆಗಸ್ಟ್ 9, ಶುಕ್ರವಾರ. ವರಮಹಾಲಕ್ಷ್ಮಿ ಹಬ್ಬ. ಎಂ.ಟೆಕ್. ಸೇರಿ ಕೆಲವೇ ದಿನಗಳಾಗಿದ್ದ ನಾನು ಬೆಂಗಳೂರಿನಲ್ಲಿದ್ದೆ. ಆ ವಾರದ ಮಳೆ ಊರಿನವರಿಗೆ ಈಗಲೂ ನೆನಪಿದೆ. ಘಾಟಿಯಲ್ಲಿ ಹಲವು ಕಡೆ ಗುಡ್ಡ ಜರಿದು ರಸ್ತೆ ಬಂದಾಯಿತು. ಸಂಚಾರ ಮೊದಲಿನಂತಾಗಲು ತಿಂಗಳುಗಳೇ ಬೇಕಾದವು. ಕೆಳಗೆ ಮೃತ್ಯುಂಜಯಾ ಹೊಳೆ ಮಣ್ಣು, ಮರದ ದಿಮ್ಮಿ, ಬಂಡೆಗಳನ್ನು ಹೊತ್ತು ಇಳಿಯಿತು. ಪಜಿರಡ್ಕದಲ್ಲಿ ನೇತ್ರಾವತಿಯನ್ನು ಸೇರುವವರೆಗೆ ಆ ಹೊಳೆಯ ದಂಡೆಯ ಎಷ್ಟೋ ತೋಟಗಳು ಮರಳಿನ ಬಯಲಾದವು.

ನಮ್ಮ ಮನೆ ಹೊಳೆಗೆ ಸೇರುವ ಒಂದು ತೋಡಿನ ಬದಿಯಲ್ಲಿದೆ. ಮನೆ ಸ್ವಲ್ಪ ಎತ್ತರದಲ್ಲಿ, ಹಟ್ಟಿ ಕೆಳಗೆ, ತೋಡಿಗೆ ಹತ್ತಿರ. ನೀರು ಅಂಗಳಕ್ಕೆ ಬಂದಾಗ ಅಮ್ಮ, ಅಜ್ಜಿಯನ್ನು ಹಿಡಿದುಕೊಂಡು ಮೇಲಿನ ಮನೆಯವರಲ್ಲಿಗೆ ಹೋದರು. ಅಣ್ಣ ಹಟ್ಟಿಗೆ ಓಡಿದ. ಒಂದು ದನದ ಕಣ್ಣಿ ಬಿಚ್ಚಿ ಓಡಿಸಿದ, ಕರುವನ್ನು ಬಿಟ್ಟ. ಉಳಿದದ್ದು ಕೆಂಪಿ. ಗಬ್ಬದ ದನ. ಹಿಂದಿನ ವಾರ ಅವಳು ಕಣ್ಣಿ ಜಾರಿಸಿಕೊಂಡು ನೆರೆಮನೆಯ ತೋಟಕ್ಕೆ ನುಗ್ಗಿ ಮಾತು ಬಂದಿತ್ತು. ಅದಕ್ಕೆ ಅಪ್ಪ ನೈಲಾನು ಹಗ್ಗ ತಂದು ಎರಡು ಗಂಟು ಬಿಗಿದಿದ್ದರು. ನೆನೆದ ನೈಲಾನು ಗಂಟು ಬಿಚ್ಚುವುದು ಆಗದ ಕೆಲಸ. ಅಣ್ಣ ಕೂಗಿದ, "ಅಪ್ಪಾ, ಕತ್ತಿ ತನ್ನಿ!" ಅಪ್ಪ ಅಂಗಳದಿಂದ "ತಂದೆ" ಎಂದು ಒಳಗೆ ಹೋದರು. ಅಣ್ಣ ಕಾದ. ನೀರು ಮೊಣಕಾಲು ದಾಟಿ ಸೊಂಟಕ್ಕೆ ಬಂತು. ಅಪ್ಪ ಬರಲಿಲ್ಲ. ಕೊನೆಗೆ ಅಣ್ಣ ಕೆಂಪಿಯ ಹಣೆ ಸವರಿ ಮೇಲೆ ಹತ್ತಿ ಬಂದ. ಅವನು ಅಂಗಳ ಮುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಬೊಳ್ಳ ಬಂದು (ನಮ್ಮಲ್ಲಿ ನೆರೆಗೆ ಹಾಗೆ ಹೇಳುತ್ತೇವೆ) ಹಟ್ಟಿಯ ಗೋಡೆಯನ್ನು ಕೆಂಪಿಯ ಸಮೇತ ಒಯ್ದಿತು.

ಆ ದಿನ ನಮಗಿಂತ ಹೆಚ್ಚು ಕಳೆದುಕೊಂಡವರು ತುಂಬ ಮಂದಿ ಇದ್ದರು. ನಮ್ಮ ಮನೆ ಉಳಿಯಿತು, ಮನುಷ್ಯರು ಉಳಿದರು. ಆದರೂ ಕೆಂಪಿಯ ಆ ಗಂಟು ಮನೆಯೊಳಗೆ ಬಿಚ್ಚದೆ ಉಳಿಯಿತು. ಅಜ್ಜಿ ಬದುಕಿದ್ದಷ್ಟು ದಿನ ಸಂಜೆ ಹಟ್ಟಿಯ ಕಡೆ ನೋಡಿ ಒಮ್ಮೆ ನಿಟ್ಟುಸಿರು ಬಿಡುತ್ತಿದ್ದರು. ಅಣ್ಣ ಅಪ್ಪನ ಹತ್ತಿರ ಜಗಳವಾಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ, ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡತೊಡಗಿದ. ಯಾವಾಗಲಾದರೂ ಅಪ್ಪ ಏನನ್ನಾದರೂ "ಈಗ ತರ್ತೇನೆ" ಎಂದರೆ, ಅಣ್ಣ ಒಂದು ಕ್ಷಣ ಅವರ ಮುಖ ನೋಡುತ್ತಿದ್ದ. ಅಷ್ಟೇ. ಆ ಒಂದು ನೋಟದಲ್ಲಿ ಇಡೀ ತೀರ್ಪು ಇತ್ತು. ನಾನೂ ಮನಸ್ಸಿನಲ್ಲೇ ಅಣ್ಣನ ಪಕ್ಷ ಸೇರಿದ್ದೆ. ಆ ದಿನವನ್ನು ಎಷ್ಟೋ ಸಲ ಹಿಂದಕ್ಕೆ ಓಡಿಸಿದ್ದೇನೆ. ಪ್ರತಿ ಸಲವೂ ಬಂದು ನಿಲ್ಲುತ್ತಿದ್ದದ್ದು ಒಂದೇ ಜಾಗದಲ್ಲಿ: ಹಟ್ಟಿಯ ಬಾಗಿಲು, ಬರದ ಅಪ್ಪ.

ಹಿಂದಕ್ಕೆ ನಡೆಯುವ ಡೀಬಗರಿನ ಜೊತೆ ಕೆಲಸ ಮಾಡುತ್ತ ಹೋದಂತೆ ಅದರ ಮಿತಿಗಳು ತಿಳಿಯುತ್ತವೆ. ಮೊದಲನೆಯದು, ದಾಖಲೆ ಮೊದಲೇ ಶುರುವಾಗಿರಬೇಕು. ಬಿದ್ದ ಮೇಲೆ ದಾಖಲೆ ಹಚ್ಚಿದರೆ ಬೀಳುವ ಮುಂಚಿನದ್ದು ಸಿಗುವುದಿಲ್ಲ. ಎರಡನೆಯದು, ದಾಖಲೆಗೆ ತುದಿಯಿದೆ. ಜಿಡಿಬಿಯ ಪೂರ್ಣ ದಾಖಲೆ, ನಾವಾಗಿ ಬದಲಿಸದಿದ್ದರೆ, 2,00,000 ಆದೇಶಗಳನ್ನು ಮಾತ್ರ ಹಿಡಿದಿಡುತ್ತದೆ. ಇಂದಿನ ಪ್ರೊಸೆಸರು ತನ್ನ ಪಾಡಿಗೆ ಓಡಿದರೆ ಅಷ್ಟನ್ನು ಒಂದು ಸೆಕೆಂಡಿನ ಸಣ್ಣ ಚೂರಿನಲ್ಲೇ ಮುಗಿಸುತ್ತದೆ. ಅದು ತುಂಬಿದ ಮೇಲೆ ಹೊಸದಕ್ಕೆ ಜಾಗ ಮಾಡಲು ಹಳೆಯದನ್ನು ಅಳಿಸಬೇಕು. ಹಿಂದೆ ಹೋಗುತ್ತ ಹೋಗುತ್ತ ತುದಿ ಮುಟ್ಟಿದರೆ, ಇನ್ನು ಹಿಂದಿನ ಇತಿಹಾಸವಿಲ್ಲ ಎಂಬ ಸಂದೇಶ ಬರುತ್ತದೆ. ಹೊಸಬರು ಇಲ್ಲಿ ಎಡವುತ್ತಾರೆ. ದಾಖಲೆ ಮುಗಿದ ಜಾಗವನ್ನೇ ಕತೆ ಶುರುವಾದ ಜಾಗ ಎಂದುಕೊಳ್ಳುತ್ತಾರೆ. ಮೂರನೆಯದು, ತನಗೆ ಗೊತ್ತಿಲ್ಲದ ಬಗೆಯ ಆದೇಶ ಎದುರಾದರೆ ದಾಖಲಿಸುವವನು ಅಲ್ಲೇ ನಿಂತುಬಿಡುತ್ತಾನೆ. ಹೊಸ ಪ್ರೊಸೆಸರುಗಳ ಕೆಲವು ಆದೇಶಗಳ ಮುಂದೆ ಜಿಡಿಬಿ ಹೀಗೆ ನಿಂತದ್ದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ನಮ್ಮ ಮನೆಯ ದಾಖಲೆಯೂ ಅಪ್ಪನ ಮೌನದ ಮುಂದೆ ಹೀಗೆಯೇ ನಿಂತಿತ್ತು. ಆ ಮೌನವನ್ನು ಏನೆಂದು ಬರೆದುಕೊಳ್ಳಬೇಕೆಂದು ತಿಳಿಯದೆ ನಾವು ಅದಕ್ಕೆ ತಪ್ಪೊಪ್ಪಿಗೆ ಎಂದು ಹೆಸರಿಟ್ಟಿದ್ದೆವು.

ಇನ್ನೊಂದು ಮಿತಿ ಇದೆ. ಪ್ರೋಗ್ರಾಮು ಪರದೆಯ ಮೇಲೆ ಏನನ್ನಾದರೂ ಮುದ್ರಿಸಿದ್ದರೆ, ಆ ಹೆಜ್ಜೆಗಿಂತ ಹಿಂದೆ ಹೋದರೂ ಅಕ್ಷರಗಳು ಪರದೆಯ ಮೇಲೆ ಹಾಗೆಯೇ ಉಳಿಯುತ್ತವೆ. ಒಳಗಿನ ಸ್ಥಿತಿ ಹಿಂದೆ ಹೋಗುತ್ತದೆ. ಹೊರಗೆ ಹೋದದ್ದು ಹೋಯಿತು. ಆಡಿದ ಮಾತು ಎಂದು ನಮ್ಮ ಹಿರಿಯರು ಎಚ್ಚರಿಸುವುದು ಇದನ್ನೇ. ಈ ಮಿತಿ ನನಗೇ ತಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಒಂದು ವಿಚಿತ್ರ ದೋಷವನ್ನು ಬೆನ್ನಟ್ಟುವಾಗ. ಡೀಬಗರಿನಲ್ಲಿ ರಿವರ್ಸ್-ಫಿನಿಶ್ ಎಂಬ ಆಜ್ಞೆಯಿದೆ. ನೀವು ಒಂದು ಫಂಕ್ಷನ್ನಿನ ಒಳಗೆ ನಿಂತಿದ್ದೀರಿ. ಇದನ್ನು ಕರೆದವರ ಬಳಿಗೆ ಹಿಂದಕ್ಕೆ ಕರೆದುಕೊಂಡು ಹೋಗು ಎಂಬುದು ಅದರ ಅರ್ಥ. ಡೀಬಗರು ಆ ಫಂಕ್ಷನ್ನಿನ ಬಾಗಿಲಲ್ಲಿ ಕಾವಲು ಹಾಕಿ ಹಿಂದಕ್ಕೆ ಓಡುತ್ತದೆ. ಬಾಗಿಲು ಸಿಕ್ಕಿದಾಗ ನಿಂತು, ಇನ್ನೊಂದೇ ಹೆಜ್ಜೆ ಹಿಂದೆ ಇಟ್ಟರೆ ಕರೆದವರ ಮನೆ. ಆದರೆ ಪವರ್‌ಪಿಸಿ ಬಗೆಯ 64 ಬಿಟ್ ಪ್ರೊಸೆಸರುಗಳಲ್ಲಿ ಒಂದು ಫಂಕ್ಷನ್ನಿಗೆ ಎರಡು ಬಾಗಿಲು ಇರಬಹುದು. ಹೊರಗಿನಿಂದ ಬರುವವರಿಗೆ ಒಂದು, ಒಳಗಿನವರಿಗೆ ಇನ್ನೊಂದು. ಹೊರಬಾಗಿಲಿನಿಂದ ಬಂದವನು ಒಂದೆರಡು ಸಿದ್ಧತೆ ಮುಗಿಸಿ ಒಳಬಾಗಿಲಿಗೆ ಬರುತ್ತಾನೆ. ಒಳಗಿನವನಿಗೆ ಆ ಸಿದ್ಧತೆ ಬೇಡ. ನೇರ ಒಳಬಾಗಿಲಿನಿಂದಲೇ ಹೊಗುತ್ತಾನೆ. ಜಿಡಿಬಿಯ ಹಿಂದಿನ ಆವೃತ್ತಿಗಳು ಹಿಂದಕ್ಕೆ ಹೋಗುವಾಗ ಹೊರಬಾಗಿಲಲ್ಲಿ ಮಾತ್ರ ಕಾಯುತ್ತಿದ್ದವು. ಪ್ರೋಗ್ರಾಮು ಒಳಬಾಗಿಲಿನಿಂದ ಹೊಕ್ಕಿದ್ದರೆ, ಹಿಂದಕ್ಕೆ ಓಡುವಾಗ ಆ ಹೊರಬಾಗಿಲು ದಾರಿಯಲ್ಲಿ ಸಿಗುವುದೇ ಇಲ್ಲ. ಹಾಗಾಗಿ ಅದು ಕರೆದವರ ಮನೆಯನ್ನೂ ದಾಟಿ, ಮುಂದಿನ ಯಾವುದೋ ಕಾವಲು ಎದುರಾಗುವವರೆಗೆ ಓಡಿ, ಸಂಬಂಧವಿಲ್ಲದ ಜಾಗದಲ್ಲಿ ನಿಲ್ಲುತ್ತಿತ್ತು. ಆಮೇಲೆ ಇದನ್ನು ಸರಿಪಡಿಸಿದರು. ನಮ್ಮ ಲ್ಯಾಬಿನಲ್ಲಿದ್ದದ್ದು ಹಳೆಯ ಪ್ರತಿ.

ನನಗೆ ಮೂರು ದಿನ ಬೇಕಾಯಿತು. ಯಾಕೆಂದರೆ ಅದು ತಪ್ಪು ಜಾಗದಲ್ಲಿ ನಿಂತಾಗಲೂ ಎಷ್ಟು ಖಚಿತವಾಗಿ ನಿಲ್ಲುತ್ತಿತ್ತೆಂದರೆ, ನಾನು ಆ ಜಾಗದಲ್ಲೇ ತಪ್ಪನ್ನು ಹುಡುಕುತ್ತಿದ್ದೆ. ಎರಡು ದಿನ ಏನೂ ತಪ್ಪಿಲ್ಲದ ಕೋಡನ್ನು ಗುಮಾನಿಯಿಂದ ಓದಿದೆ. ಒಂದೆರಡು ಕಡೆ "ಇದೇ ಇರಬೇಕು" ಎಂದು ತಿದ್ದಿಯೂ ಬಿಟ್ಟೆ. ಮೂರನೆಯ ರಾತ್ರಿ, ಹಿಂದಕ್ಕೆ ಹೋಗುವ ದಾರಿಯನ್ನು ಬಿಟ್ಟು ಮುಂದಕ್ಕೆ ಒಂದೊಂದೇ ಆದೇಶ ನಡೆಸಿ ನೋಡಿದಾಗ ಒಳಬಾಗಿಲು ಕಂಡಿತು. ಹಿಂದೆ ಹೋಗುವುದರಲ್ಲಿ ತಪ್ಪಿರಲಿಲ್ಲ. ಕಾಯುತ್ತಿದ್ದ ಬಾಗಿಲು ತಪ್ಪಾಗಿತ್ತು.

ಹಾಸ್ಟೆಲಿಗೆ ನಡೆಯುತ್ತ ಬರುವಾಗ ಯಾಕೋ ಹಟ್ಟಿ ನೆನಪಾಯಿತು. ಇಷ್ಟು ವರ್ಷ ನಾನು ಆ ದಿನವನ್ನು ಹಿಂದಕ್ಕೆ ಓಡಿಸಿದ್ದೆಲ್ಲ ಅಣ್ಣನ ಬಾಗಿಲಲ್ಲಿ ನಿಂತು. ಅಲ್ಲಿಂದ ನೋಡಿದರೆ ಕಾಣುವುದು ಬರದ ಅಪ್ಪ. ಅಪ್ಪ ಕತ್ತಿಗೆಂದು ಮನೆಯೊಳಗೆ ಹೊಕ್ಕರಲ್ಲ, ಆ ಬಾಗಿಲಲ್ಲಿ ನಾನು ಒಮ್ಮೆಯೂ ನಿಂತಿರಲಿಲ್ಲ. ನಿಂತು, ಅಲ್ಲಿಂದ ಮುಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟು ನೋಡಿರಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅಂಗಳದಲ್ಲಿ ಅಡಿಕೆ ಒಣಗಲು ಹರಡಿತ್ತು. ಅಪ್ಪ ಕಾಲಿನಿಂದ ಕೆದಕುತ್ತಿದ್ದರು. ಪಕ್ಕದಲ್ಲಿ ನಿಂತು ನಾನೂ ಕೆದಕುತ್ತ ಕೇಳಿದೆ, "ಅಪ್ಪಾ, ಆ ದಿನ ನೀವು ಕತ್ತಿ ತರಲಿಕ್ಕೆ ಒಳಗೆ ಹೋದಿರಲ್ಲ. ಆಮೇಲೆ ಎಂತ ಆಯ್ತು?"

ಅವರು ತಲೆ ಎತ್ತಲಿಲ್ಲ. "ಎಂತಕ್ಕೆ ಈಗ?"

"ಸುಮ್ಮನೆ."

"ನಿನ್ನ ಫೋನು ಬಂತಲ್ಲ."

ಅಷ್ಟೇ ಹೇಳಿದರು. ಉಳಿದದ್ದು ನನಗೇ ನೆನಪಾಯಿತು. ಊರಿನ ಸುದ್ದಿ ಕೇಳಿ ನಾನು ಫೋನು ಮಾಡಿದ್ದೆ. ಅದು ಸಿಗುವುದಿಲ್ಲ ಎಂದುಕೊಂಡಿದ್ದೆ, ಸಿಕ್ಕಿತು. ಸಿಕ್ಕಿದ ಸಂತೋಷದಲ್ಲಿ ಬಿಡಲಿಲ್ಲ. ಅಪ್ಪ "ಇಡ್ತೇನೆ, ಇಡ್ತೇನೆ" ಎನ್ನುತ್ತಿದ್ದರು. ನಾನು ಮೊಬೈಲಿನಲ್ಲಿ ನೋಡಿದ ಮಳೆಯ ನಕ್ಷೆಯನ್ನು ನೆಚ್ಚಿ, "ಗಾಬರಿ ಮಾಡ್ಬೇಡಿ, ಸಂಜೆಗೆ ಕಡಿಮೆ ಆಗ್ತದೆ, ಅಜ್ಜಿಯ ಕೈಗೆ ಕೊಡಿ, ಅಮ್ಮ ಎಲ್ಲಿ" ಎಂದು ಒಂದರ ಮೇಲೊಂದು ಕೇಳುತ್ತಿದ್ದೆ. ನಾನು ಅಳುತ್ತಿದ್ದೆ ಎಂದೂ ಈಗ ನೆನಪಾಗುತ್ತದೆ. ಅಳುತ್ತಿರುವ ಮಕ್ಕಳ ಫೋನನ್ನು ಅಪ್ಪ ಇಡಲಿಲ್ಲ. ಇಷ್ಟು ವರ್ಷ ನನ್ನ ಕತೆಯಲ್ಲಿ ಆ ಫೋನು ಒಂದು ಕಡೆ ಇತ್ತು, ಹಟ್ಟಿ ಇನ್ನೊಂದು ಕಡೆ. ಎರಡೂ ಒಂದೇ ಹೊತ್ತಿನವು ಎಂದು ಜೋಡಿಸಿ ನೋಡಿರಲಿಲ್ಲ. ಅಪ್ಪ ಜೋಡಿಸಿದ್ದರು. ಹೇಳಿರಲಿಲ್ಲ.

ನ್ಯಾಯಶಾಸ್ತ್ರದವರು ಕಾರಣವೆಂದರೇನು ಎಂದು ವಿಚಾರಿಸುವಾಗ ಮಡಕೆಯನ್ನು ಮುಂದಿಟ್ಟುಕೊಳ್ಳುತ್ತಾರೆ. ಮಡಕೆಗಿಂತ ಮೊದಲು ಇದ್ದದ್ದೆಲ್ಲ ಮಡಕೆಗೆ ಕಾರಣವಾಗುವುದಿಲ್ಲ. 17ನೇ ಶತಮಾನದ ವಿಶ್ವನಾಥನ 'ಭಾಷಾಪರಿಚ್ಛೇದ' ಇಂಥ ಹೊರಗಿನವುಗಳನ್ನು 'ಅನ್ಯಥಾಸಿದ್ಧ' ಎಂದು ಕರೆದು ಐದು ಬಗೆಯಾಗಿ ವಿಂಗಡಿಸುತ್ತದೆ. ಚಕ್ರ ತಿರುಗಿಸುವ ಕೋಲು ಕಾರಣ. ಕೋಲಿನ ಬಣ್ಣ ಅಲ್ಲ. ಕುಂಬಾರ ಕಾರಣ, ಕುಂಬಾರನ ತಂದೆ ಅಲ್ಲ. ಮಣ್ಣು ಹೊತ್ತು ತಂದ ಕತ್ತೆಯೂ ಅಲ್ಲ, ಯಾಕೆಂದರೆ ಮಡಕೆಗೆ ಮಣ್ಣು ಬೇಕು, ಅದು ಕತ್ತೆಯ ಬೆನ್ನ ಮೇಲೆಯೇ ಬರಬೇಕೆಂದಿಲ್ಲ. ಈ ವಿಂಗಡಣೆ ಓದಿದಾಗ ನನಗೆ ಒಂದು ಬಗೆಯ ಸಮಾಧಾನ ಸಿಕ್ಕಿತ್ತು. ನನ್ನ ಫೋನು ಕತ್ತೆಯ ಸಾಲಿನದ್ದು. ಬೊಳ್ಳದಲ್ಲಿ ಕಟ್ಟಿದ ದನ ಸಾಯಲು ದೂರದ ಮಕ್ಕಳ ಫೋನು ಬೇಕಿಲ್ಲ. ಆದರೆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಮಡಕೆ ಎಂಬ ಜಾತಿಗೆ ಕತ್ತೆ ಹೊರಗಿನದು, ಸರಿ. ಈ ಒಂದು ಮಡಕೆಯ ಮಣ್ಣು ಬಂದದ್ದು ಕತ್ತೆಯ ಮೇಲೆಯೇ. ಕೆಂಪಿ ಒಂದು ಜಾತಿಯಾಗಿರಲಿಲ್ಲ. ಒಂದು ದನ, ಒಂದೇ ದಿನ.

ಹಾಗಾದರೆ ತಪ್ಪು ನನ್ನದೇ? ಇದನ್ನೂ ಅಪ್ಪನನ್ನೇ ಕೇಳಿದೆ, ಬೇರೆ ಮಾತಿನಲ್ಲಿ. "ನಾನು ಫೋನು ಮಾಡದಿದ್ದರೆ?"

ಈ ಸಲ ಅವರು ತಲೆ ಎತ್ತಿದರು. "ಮಾಡದಿದ್ದರೆ ನಾನು ಕತ್ತಿ ಹಿಡ್ಕೊಂಡು ಇಳಿದು ಹೋಗ್ತಿದ್ದೆ. ನೈಲಾನು ಕಡೀಲಿಕ್ಕೆ ಸ್ವಲ್ಪ ಹೊತ್ತು ಬೇಕು. ಬೊಳ್ಳ ಬರುವಾಗ ನಾವು ಇಬ್ಬರೂ ಹಟ್ಟಿಯಲ್ಲೇ ಇರ್ತಿದ್ದೆವು. ಹಾಗೂ ಆಗ್ಬಹುದಿತ್ತಲ್ಲ? ಅದು ನಿನ್ನ ಕಂಪ್ಯೂಟರಲ್ಲಿ ಬರ್ತದಾ?"

ಬರುವುದಿಲ್ಲ. ನನ್ನ ಕೆಲಸದ ಕುರಿತು ಇಷ್ಟು ಸರಿಯಾದ ಮಾತನ್ನು ನನಗೆ ಇನ್ಯಾರೂ ಹೇಳಿಲ್ಲ. ದಾಖಲೆಯನ್ನು ಹಿಂದಕ್ಕೂ ಮುಂದಕ್ಕೂ ಎಷ್ಟು ಸಲ ಓಡಿಸಿದರೂ ಸಿಗುವುದು ನಡೆದದ್ದು ಮಾತ್ರ. ಒಂದೇ ಒಂದು ಬೆಲೆಯನ್ನು ಬದಲಿಸಿ, ಅಲ್ಲಿಂದ ಮುಂದೆ ಓಡು ಎಂದ ಕ್ಷಣದಿಂದ ಅದು ಹಳೆಯ ದಾಖಲೆ ಆಗಿರುವುದಿಲ್ಲ, ಬೇರೊಂದು ಓಟ. ಅದರಲ್ಲಿ ಏನಾಗುತ್ತದೆ ಎಂದು ಹೇಳಲು ಹಳೆಯ ದಾಖಲೆಗೆ ಅಧಿಕಾರವಿಲ್ಲ. ಆದರೆ ದೂರುವುದಕ್ಕೆ ಬೇಕಾಗಿರುವುದು ಆ ಬೇರೆ ಓಟವೇ. "ನೀನು ಹಾಗೆ ಮಾಡದಿದ್ದರೆ ಹೀಗಾಗುತ್ತಿರಲಿಲ್ಲ" ಎನ್ನುವಾಗ ನಾವು ನಡೆಯದ ದಿನವೊಂದನ್ನು ಸಾಕ್ಷಿಗೆ ಕರೆಯುತ್ತಿರುತ್ತೇವೆ. ಆ ದಿನವನ್ನು ನಮಗೆ ಬೇಕಾದಂತೆ ನಾವೇ ಬರೆದಿರುತ್ತೇವೆ. ಅಣ್ಣ ಬರೆದ ದಿನದಲ್ಲಿ ಅಪ್ಪ ಕತ್ತಿ ತರುತ್ತಾರೆ, ಕೆಂಪಿ ಬದುಕುತ್ತಾಳೆ. ಅಪ್ಪ ಬರೆದ ದಿನದಲ್ಲಿ ಕತ್ತಿ ತಂದ ಅಪ್ಪನೂ ಅಣ್ಣನೂ ಉಳಿಯುವುದಿಲ್ಲ. ಎರಡೂ ನಡೆದಿಲ್ಲ. ಹಿಂದೆ ಹೋಗುವುದು ಕಾರಣವನ್ನು ತೋರಿಸಬಲ್ಲದು. ಅಪರಾಧವನ್ನು ತೋರಿಸುವುದು ಅದರ ಕೆಲಸವಲ್ಲ; ಅದಕ್ಕೆ ನಾವು ಹೊರಗಿನಿಂದ ಏನನ್ನೋ ಸೇರಿಸುತ್ತೇವೆ, ಸೇರಿಸಿದ್ದನ್ನು ಮರೆಯುತ್ತೇವೆ.

ಇಲ್ಲಿಗೆ ನಿಲ್ಲಿಸಿದರೆ ಅನುಕೂಲ. ಯಾರದ್ದೂ ತಪ್ಪಿಲ್ಲ, ಮಳೆಯದ್ದು ತಪ್ಪು ಎಂದು ಎದ್ದುಹೋಗಬಹುದು. ನನಗೆ ಹಾಗೆ ಏಳಲು ಆಗಲಿಲ್ಲ. ಬ್ರಿಟಿಷ್ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ 'ನೈತಿಕ ಅದೃಷ್ಟ'ದ ಬಗ್ಗೆ ಬರೆದ ಪ್ರಬಂಧದಲ್ಲಿ ಒಬ್ಬ ಲಾರಿ ಡ್ರೈವರ್ ಬರುತ್ತಾನೆ. ತನ್ನದೇನೂ ತಪ್ಪಿಲ್ಲದೆ ಅವನ ಲಾರಿಯಡಿ ಒಂದು ಮಗು ಸಿಕ್ಕಿಬಿಡುತ್ತದೆ. ನೋಡುತ್ತಿದ್ದ ಎಲ್ಲರಿಗೂ ದುಃಖವಾಗುತ್ತದೆ. ಆದರೆ ಡ್ರೈವರನ ದುಃಖ ಬೇರೆ. ನಿನ್ನ ತಪ್ಪಿಲ್ಲ ಎಂದು ನಾವೇ ಅವನನ್ನು ಸಂತೈಸುತ್ತೇವೆ, ಸಂತೈಸಬೇಕು. ಆದರೆ ಅವನು ಒಂದೇ ಮಾತಿಗೆ "ಹೌದಲ್ಲ" ಎಂದು ಹಗುರಾಗಿಬಿಟ್ಟರೆ ನಮಗೆ ಅವನ ಬಗ್ಗೆ ಏನೋ ಅನುಮಾನ ಬರುತ್ತದೆ. ತಪ್ಪಿತಸ್ಥನಲ್ಲದವನಿಗೂ ತನ್ನ ಕೈಯಿಂದ ಆದದ್ದರ ಜೊತೆ ಒಂದು ಸಂಬಂಧ ಇರುತ್ತದೆ. ಅದನ್ನು ಅಪರಾಧ ಎನ್ನುವುದೂ ಸುಳ್ಳು, ಇಲ್ಲ ಎನ್ನುವುದೂ ಸುಳ್ಳು.

ಈ ಪ್ರಶ್ನೆ ನಮ್ಮ ಮನೆಯ ಹಟ್ಟಿಗಷ್ಟೇ ಸೇರಿದ್ದಲ್ಲ. ಆ ಮಳೆಗಾಲದ ನಂತರ ಕಕ್ಕಿಂಜೆಯ ಪೇಟೆಯಲ್ಲಿ ಚಾ ಕುಡಿಯುವಾಗಲೆಲ್ಲ ಗುಡ್ಡ ಯಾಕೆ ಜರಿಯಿತು ಎಂಬ ಮಾತು ಬರುತ್ತಿತ್ತು. ಒಬ್ಬರಿಗೆ ಮಳೆ, ಒಬ್ಬರಿಗೆ ರಸ್ತೆಯ ಕೆಲಸ, ಒಬ್ಬರಿಗೆ ಕಡಿದ ಕಾಡು, ಒಬ್ಬರಿಗೆ ದೈವದ ಕೋಪ. ಒಬ್ಬೊಬ್ಬರೂ ತಮಗೆ ಅನುಕೂಲವಾದ ಬಾಗಿಲಲ್ಲಿ ಕಾಯುತ್ತಿದ್ದರು. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ, ಕಸ್ತೂರಿರಂಗನ್ ಸಮಿತಿ 2013ರಲ್ಲೇ ವರದಿ ಕೊಟ್ಟಿದ್ದವು. ಘಟ್ಟದ ಬುಡದ ಊರುಗಳಲ್ಲಿ ಆ ವರದಿಗಳ ಹೆಸರು ಕೇಳಿದರೆ ತಮ್ಮ ಭೂಮಿ ಹೋಗುತ್ತದೆ ಎಂಬ ಭಯವೇ ಮೊದಲು ಬರುತ್ತದೆ. ಆ ಭಯಕ್ಕೂ ಅದರದ್ದೇ ಕಾರಣಗಳಿವೆ. 2019ರಿಂದ ದಾಖಲೆ ಶುರುಮಾಡಿದವರಿಗೆ ಮಳೆ ಮಾತ್ರ ಕಾಣುತ್ತದೆ. ಹಿಂದಿನಿಂದ ಶುರುಮಾಡಿದವರಿಗೆ ಬೇರೆ ಏನೇನೋ ಕಾಣುತ್ತದೆ.

ಆದರೆ ಊರಿನ ಪ್ರಶ್ನೆಗೂ ಮನೆಯ ಪ್ರಶ್ನೆಗೂ ಒಂದು ವ್ಯತ್ಯಾಸವಿದೆ. ಮನೆಯಲ್ಲಿ "ಯಾರೊಬ್ಬರ ತಪ್ಪೂ ಅಲ್ಲ" ಎನ್ನುವುದು ಕರುಣೆ. ಅಧಿಕಾರ ಇರುವವರು ಅದೇ ಮಾತನ್ನು ಹೇಳಿದರೆ ಅದು ನುಣುಚಿಕೊಳ್ಳುವುದು. ಎಲ್ಲರೂ ಕಾರಣ ಎಂದರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಹಾಗಾದರೆ ಈ ಎರಡನ್ನು ಬೇರ್ಪಡಿಸುವುದು ಹೇಗೆ? ನನಗೆ ತೋಚಿದ ಅಳತೆ ಒಂದೇ. ಹಿಂದೆ ಹೋಗಿ ಬಂದವನು ಮುಂದಿನ ಮಳೆಗಾಲಕ್ಕೆ ಏನು ಮಾಡಿದ ಎಂದು ನೋಡುವುದು. ಡೀಬಗರಿನಲ್ಲಿ ಹಿಂದೆ ಹೋಗಿ ತಪ್ಪಿನ ಜಾಗ ಕಂಡುಹಿಡಿದರೂ ಬಿದ್ದ ಆ ಓಟವನ್ನು ಉಳಿಸಲು ಆಗುವುದಿಲ್ಲ. ಅದು ಬಿದ್ದದ್ದು ಬಿದ್ದೇ ಇರುತ್ತದೆ. ತಿದ್ದುವುದು ಕೋಡನ್ನು, ಮುಂದಿನ ಓಟಕ್ಕಾಗಿ. ಹೊಣೆ ಎಂಬ ಮಾತಿಗೆ ನಾನು ಈಗ ಕೊಡುವ ಅರ್ಥ ಇದು: ಹಿಂದಕ್ಕೆ ನೋಡಿ ಹೊರುವುದು, ಮುಂದಕ್ಕೆ ನ‌ಡೆದು ತೀರಿಸುವುದು.

ಇದನ್ನು ನಾನು ಪುಸ್ತಕದಿಂದ ಕಲಿತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಡಿಕೆ ಕೆದಕಿ ಮುಗಿದ ಮೇಲೆ ಸಂಜೆ ಹಾಲು ಕರೆಯುವ ಹೊತ್ತಿಗೆ ಹಟ್ಟಿಗೆ ಹೋದೆ. ಹೊಸ ಹಟ್ಟಿ. ನೆರೆಯ ಮರುವರ್ಷ ಅಪ್ಪ ಅದನ್ನು ಮನೆಗಿಂತಲೂ ಎತ್ತರದ ಜಾಗದಲ್ಲಿ ಕಟ್ಟಿಸಿದ್ದರು. ಎತ್ತರಕ್ಕೆ ಸೆಗಣಿ, ಹುಲ್ಲು, ನೀರು ಹೊರುವುದು ಕಷ್ಟ ಎಂದು ಅಮ್ಮ ಆಗ ಗೊಣಗಿದ್ದು ನೆನಪಿದೆ. ದನಗಳ ಕುತ್ತಿಗೆಯಲ್ಲಿ ತೆಂಗಿನ ನಾರಿನ ಹಗ್ಗ, ಎಳೆದರೆ ಬಿಚ್ಚಿಕೊಳ್ಳುವ ಗಂಟು. ಬಾಗಿಲ ಪಕ್ಕದ ಕಂಬದಲ್ಲಿ, ಕೈಗೆ ಸಿಗುವ ಎತ್ತರದಲ್ಲಿ, ಒಂದು ಕತ್ತಿ ಸಿಕ್ಕಿಸಿತ್ತು. ಅದನ್ನು ಎಷ್ಟೋ ಸಲ ನೋಡಿದ್ದೇನೆ, ಹುಲ್ಲು ಕಡಿಯಲಿಕ್ಕೆ ಇಟ್ಟದ್ದು ಎಂದುಕೊಂಡಿದ್ದೇನೆ. ಹುಲ್ಲಿನ ಕತ್ತಿ ಬೇರೆ ಇದೆ, ಅದು ಮನೆಯ ಹಿಂದೆ ಇರುತ್ತದೆ. ಇದನ್ನು ಯಾರೂ ಬಳಸುವುದಿಲ್ಲ. ಆದರೂ ತುಕ್ಕು ಇರಲಿಲ್ಲ. ಯಾರೋ ಮಸೆದು ಎಣ್ಣೆ ಹಚ್ಚಿದ್ದರು.

ರಾತ್ರಿ ಅಣ್ಣನಿಗೆ ಫೋನಿನ ವಿಷಯ ಹೇಳಿದೆ. ಅವನು ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನೈಲಾನು ಹಗ್ಗ ತನ್ನಿ ಅಂತ ಅಪ್ಪನಿಗೆ ಹೇಳಿದ್ದು ನಾನು" ಎಂದ. ಅದು ನನಗೆ ಗೊತ್ತಿರಲಿಲ್ಲ. ಅವನ ಹತ್ತಿರವೂ ಒಂದು ಬಾಗಿಲು ಇತ್ತು, ಅದನ್ನು ಅವನು ಒಳಗಿನಿಂದ ಮುಚ್ಚಿಕೊಂಡು ಕೂತಿದ್ದ. ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ಅಣ್ಣ ಹಟ್ಟಿಯ ಮುಂದೆ ಕೂತು ಕತ್ತಿ ಮಸೆಯುತ್ತಿದ್ದ. ಅಪ್ಪ ಸ್ವಲ್ಪ ದೂರದಲ್ಲಿ ನಿಂತು, "ಅಷ್ಟು ಸಾಕು ಮಾರಾಯ, ಅಲಗು ಸವೀತದೆ" ಎಂದರು. ಅಣ್ಣ, "ಇನ್ನು ಸ್ವಲ್ಪ ಉಂಟು" ಎಂದ.